ಹೆಬ್ಬೆರಳು ತೋರಿಸುವ ಊರು

ನಾನು ಯಾರಿಗಾದರೂ ದಾರಿ ತೋರಿಸುವುದು ಹೆಬ್ಬೆರಳಿನಿಂದ. ಉಳಿದ ನಾಲ್ಕು ಬೆರಳು ಮಡಚಿ, ಹೆಬ್ಬೆರಳನ್ನು ಮುಂದೆ ಚಾಚಿ, ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ಸೊಂಟ ಸ್ವಲ್ಪ ಬಗ್ಗಿಸಿ 'ಹೀಗೆ ಹೋಗಿ' ಎನ್ನುತ್ತೇನೆ. ತೋರುಬೆರಳು ಚಾಚುವುದು ಒರಟುತನ ಎಂದು ನನ್ನ ಊರಿನಲ್ಲಿ ಕಲಿಸಿದ್ದಾರೆ. ನನಗೀಗ ನಲವತ್ತಾರು. ಈ ವಯಸ್ಸಿನಲ್ಲಿ ಕೈಗೆ ಹೊಸ ಪಾಠ ಹೇಳಿಕೊಡುವ ಉದ್ದೇಶ ನನಗಿಲ್ಲ.

ಇದರಿಂದ ಆಗಿರುವ ಅವಾಂತರ ಒಂದೆರಡಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡನ ಸೋದರಮಾವ ಬಚ್ಚಲುಮನೆ ಎಲ್ಲಮ್ಮ ಎಂದು ಕೇಳಿದ್ದಕ್ಕೆ ನಾನು ಭಕ್ತಿಯಿಂದ ಬಗ್ಗಿ ಹೆಬ್ಬೆರಳು ಚಾಚಿದೆ. ಹೊಸ ಸೊಸೆ ತಮಗೆ ಹೆಬ್ಬೆಟ್ಟು ಆಡಿಸಿ ಅಣಕಿಸಿದಳು ಎಂದು ಅವರು ಊಟಕ್ಕೇ ಕೂರಲಿಲ್ಲ. ಮೊನ್ನೆ, ನಾನೀಗ ಇರುವ ಡಬ್ಲಿನ್ನಿನ ಟಾಲಾದಲ್ಲಿ, ಆಸ್ಪತ್ರೆಯ ಮುಂದೆ ಒಬ್ಬ ಐರಿಷ್ ಅಜ್ಜಿ ಲುವಾಸ್ ಟ್ರ್ಯಾಮು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಹೆಬ್ಬೆರಳು ತೋರಿಸಿದೆ. ಅಜ್ಜಿ ತಾವೂ ಹೆಬ್ಬೆರಳು ಎತ್ತಿ 'ಗ್ರ್ಯಾಂಡ್, ಗ್ರ್ಯಾಂಡ್' ಎಂದು ನಕ್ಕು, ಇನ್ನೇನು ಟ್ರ್ಯಾಮು ಇಲ್ಲಿಗೇ ಬರುತ್ತದೆ ಎನ್ನುವ ಹಾಗೆ ಅಲ್ಲೇ ನಿಂತುಬಿಟ್ಟರು. ಕೊನೆಗೆ ಕೈಹಿಡಿದು ಸ್ಟಾಪಿನವರೆಗೆ ಬಿಟ್ಟುಬಂದೆ.

ಇಷ್ಟು ಹೇಳಿದ ಮೇಲೆ ನೀವು ಕೇಳಿಯೇ ಕೇಳುತ್ತೀರಿ, ನಿಮ್ಮದು ಯಾವೂರಪ್ಪಾ ಎಂದು. ಕೇಳಿ. ನನ್ನ ಊರು ಸಾಲಾತಿಗಾ. ಇಂಡೋನೇಷ್ಯಾದ ಜಾವಾ ದ್ವೀಪದ ನಟ್ಟನಡುವೆ, ಮೆರ್ಬಾಬು ಎಂಬ ಬೆಟ್ಟದ ಬುಡದಲ್ಲಿರುವ, ಬೆಳಗಿನ ಹೊತ್ತು ಸ್ವೆಟರ್ ಬೇಕಾಗುವ ಸಣ್ಣ ಊರು. ನಮ್ಮಪ್ಪ ಅಲ್ಲಿನ ಒಂದು ಬಟ್ಟೆ ಗಿರಣಿಯ ಬಣ್ಣದ ವಿಭಾಗದಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ಆರು ತಿಂಗಳಿಗೇ ಅಮ್ಮನನ್ನು ಕರೆದುಕೊಂಡು ಹೋದರು. ನಾನು ಹುಟ್ಟಿದ್ದು ಅಲ್ಲೇ, ಹಾಲುಹಲ್ಲು ಬಿದ್ದಿದ್ದು ಅಲ್ಲೇ, ಸೈಕಲ್ ಕಲಿಯಲು ಹೋಗಿ ಮೊಣಕಾಲು ತರಚಿಕೊಂಡಿದ್ದೂ ಅಲ್ಲೇ. ನನಗೆ ಹದಿನೇಳು ತುಂಬಿದ ಮೇಲೆ ಗಿರಣಿಯ ಕೆಲಸ ಹೋಯಿತು, ಮೈಸೂರಿಗೆ ಬಂದೆವು.

ಈ ಉತ್ತರ ಕೇಳಿದ ಕನ್ನಡಿಗರು ಸುಮ್ಮನಿರುವುದಿಲ್ಲ. "ಅದಲ್ಲ, ನಿಜವಾದ ಊರು?" ಎನ್ನುತ್ತಾರೆ. ನನಗೆ ಪಿತ್ತ ನೆತ್ತಿಗೇರುತ್ತದೆ. ಸಾಲಾತಿಗಾದ ಯಾವ ಗಲ್ಲಿ ಸಂತೆಗೆ ಹೋಗುತ್ತದೆ, ಯಾವುದು ನಾಯಿಯಿರುವ ಗೇಟಿಗೆ ಹೋಗುತ್ತದೆ ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ಇದಕ್ಕಿಂತ ನಿಜವಾದ ಊರನ್ನು ಎಲ್ಲಿಂದ ತರಲಿ?

ಈ ಸಲ ಈ ಜಗಳ ಫಾರ್ಮಿನವರೆಗೆ ಬಂತು. ಡಬ್ಲಿನ್ನಿನ ಈ ಕಡೆ ಇರುವ ನಾವೊಂದಷ್ಟು ಕನ್ನಡದ ಮನೆಯವರು ವರ್ಷಕ್ಕೊಮ್ಮೆ ಟಾಲಾದಲ್ಲಿ ಒಂದು ಹಾಲ್ ಹಿಡಿದು ಸೇರುತ್ತೇವೆ. ಪ್ರತಿ ಮನೆಗೂ ಒಂದು ಟೇಬಲ್. ಅದರ ಮೇಲೆ ನಿಮ್ಮ ಊರಿನ ತಿಂಡಿ, ಹಿಂದುಗಡೆ ಊರಿನ ಹೆಸರಿನ ಬೋರ್ಡು. ವ್ಯವಸ್ಥೆಯೆಲ್ಲ ಗಿರೀಶನದ್ದು. ಸಿಟಿವೆಸ್ಟಿನಲ್ಲಿ ನನ್ನ ಆಫೀಸಿನ ಎದುರಿನ ಕಟ್ಟಡದಲ್ಲೇ ಕೆಲಸ ಮಾಡುತ್ತಾನೆ, ಒಳ್ಳೆಯ ಹುಡುಗ, ಚನ್ನಪಟ್ಟಣದವನು. ಹತ್ತು ವರ್ಷದಿಂದ ನಾನು ಈ ಕಾರ್ಯಕ್ರಮಕ್ಕೆ ಬರೀ ತಟ್ಟೆ ಲೋಟ ಜೋಡಿಸಿ ಬಂದವಳು. ಈ ಸಲ ಅಮ್ಮ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದಳು. ಅವಳ ಎದುರಿಗೇ ನಮ್ಮ ಊರಿನ ಹೆಸರು ಹಾಕಿ ಒಂದು ಟೇಬಲ್ ಇಡಬೇಕು ಎಂದು ನನಗೆ ಹಟ ಬಂತು. ಫಾರ್ಮಿನಲ್ಲಿ ಊರು ಎಂದಿದ್ದ ಕಡೆ ಸಾಲಾತಿಗಾ ಎಂದು ಬರೆದು ಕಳಿಸಿದೆ. ಮರುದಿನವೇ ಗಿರೀಶನ ಫೋನು.

"ಅಕ್ಕ, ಫಾರ್ಮ್ ನೋಡ್ದೆ. ಊರು ಅನ್ನೋ ಕಡೆ ಏನೋ ತಪ್ಪಾಗಿ ಬಿದ್ದಿದೆ ಅನ್ಸುತ್ತೆ."

"ತಪ್ಪೇನಿಲ್ಲ ಗಿರೀಶ್. ನಮ್ಮೂರೇ ಅದು."

"ಅಂದ್ರೆ ಹುಟ್ಟಿದ್ದು ಅಲ್ಲಿ, ಸರಿ. ಮೂಲ ಯಾವ್ದು? ನಿಮ್ಮ ತಂದೇದು?"

"ತಿಪಟೂರು."

"ಹಾಂ, ಬಂತು ನೋಡಿ. ತಿಪಟೂರು ಅಂತ ಹಾಕ್ತೀನಿ. ಒಂದಿಷ್ಟು ಕೊಬ್ಬರಿ ಮಿಠಾಯಿ ಮಾಡ್ಕೊಂಡ್ ಬಂದ್ಬಿಡಿ, ಸಿಂಪಲ್."

"ತಿಪಟೂರಿಗೆ ನಾನು ಹೋಗಿರೋದು ನಾಲ್ಕು ಮದ್ವೆ, ಎರಡು ತಿಥಿಗೆ. ಅಲ್ಲಿ ಒಂದು ರಸ್ತೆ ಹೆಸ್ರು ಗೊತ್ತಿಲ್ಲ ನಂಗೆ."

"ಕನ್ನಡದವ್ರ ಪ್ರೋಗ್ರಾಮ್ ಅಲ್ವಾ ಅಕ್ಕ. ಜನ ಕನ್ಫ್ಯೂಸ್ ಆಗ್ತಾರೆ."

"ನಾನೀಗ ಮಾತಾಡ್ತಿರೋದು ಯಾವ ಭಾಷೆ ಗಿರೀಶ್?"

ಅವನು ನಕ್ಕು "ನೋಡೋಣ ಅಕ್ಕ" ಎಂದ. ನಮ್ಮವರು 'ನೋಡೋಣ' ಎಂದರೆ ಅದರ ಅರ್ಥವೇನೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಫೋನು ಇಡುತ್ತಲೇ ಅಮ್ಮ ಅಡುಗೆಮನೆಯಿಂದ ಬಂದಳು. "ತಿಪಟೂರು ಅಂತಲೇ ಹಾಕ್ಸೇ. ಯಾಕೆ ಇಲ್ಲದ ರಗಳೆ. ಇಷ್ಟು ವರ್ಷ ನಾನು ಹಾಗೇ ಹೇಳ್ಕೊಂಡು ಬಂದಿಲ್ವಾ?" ಹೌದು, ಹಾಗೇ ಹೇಳಿಕೊಂಡು ಬಂದಿದ್ದಳು. ನನ್ನ ಸಿಟ್ಟಿನ ಬೇರು ಇರುವುದೂ ಅಲ್ಲೇ. ಸೋಫಾದಲ್ಲಿ ಬಿದ್ದುಕೊಂಡಿದ್ದ ಮಗಳು ಅದಿತಿ ಮೊಬೈಲಿನಿಂದ ತಲೆ ಎತ್ತದೆ ಕೇಳಿದಳು: "ಹಾಗಾದ್ರೆ ಆಮ್ ಐ ಫ್ರಮ್ ತಿಪಟೂರ್ ಆಸ್ ವೆಲ್? ಬಿಕಾಸ್ ಐಮ್ ಫ್ರಮ್ ಟಾಲಾ, ಲೈಕ್." ಹದಿನಾಲ್ಕು ವರ್ಷದ ಹುಡುಗಿ.

ನನ್ನ ಅಡುಗೆಮನೆಯಲ್ಲಿ ಒಂದು ಕಲ್ಲಿದೆ. ಊಟದ ತಟ್ಟೆಯಷ್ಟು ಅಗಲ, ನಡುವೆ ಸ್ವಲ್ಪ ಗುಳಿ, ಕಪ್ಪಗೆ ಒರಟಾದ ಬೆಂಕಿಬೆಟ್ಟದ ಕಲ್ಲು. ಜೊತೆಗೆ ಬಾಗಿದ ಹಿಡಿಯ ಪುಟ್ಟ ಗುಂಡು. ನಮ್ಮೂರಲ್ಲಿ ಇದಕ್ಕೆ ಚೊಬೆಕ್ ಎನ್ನುತ್ತಾರೆ. ನಮ್ಮ ಒರಳಿನ ಹಾಗೆ ಇದರಲ್ಲಿ ಕುಟ್ಟುವುದಿಲ್ಲ, ಸುತ್ತ ತಿರುಗಿಸುವುದೂ ಇಲ್ಲ. ಮುಂದಕ್ಕೆ ತಳ್ಳಿ ಮಣಿಕಟ್ಟು ತಿರುಗಿಸಿ ಹಿಂದಕ್ಕೆ ಎಳೆಯಬೇಕು. ಮೈಸೂರಿನಿಂದ ಇದನ್ನು ಹೊತ್ತುಕೊಂಡು ಬರುವಾಗ ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಯಿತು. ಎರಡು ರೇಷ್ಮೆ ಸೀರೆ, ಒಂದು ಕುಕ್ಕರ್ ತೆಗೆದು ತಮ್ಮನ ಕೈಗೆ ಕೊಟ್ಟೆ, ಕಲ್ಲು ಬಿಡಲಿಲ್ಲ. ತಮ್ಮನ ಹೆಂಡತಿ ಇವತ್ತಿಗೂ ಆ ಸೀರೆ ಉಟ್ಟುಕೊಂಡು ನನ್ನ ಬುದ್ಧಿಯನ್ನು ಹೊಗಳುತ್ತಾಳೆ.

ಆ ಕಲ್ಲು ಕೊಟ್ಟವರು ಬು ಸ್ರಿ. 'ಬು' ಎಂದರೆ ಅಮ್ಮ, ನಾವು ಪಕ್ಕದಮನೆಯಮ್ಮ ಎನ್ನುವುದಿಲ್ಲವೇ, ಹಾಗೆ. ನಮ್ಮ ಗಲ್ಲಿಯ ಐದನೆಯ ಮನೆ ಅವರದು. ಐದನೆಯದು ಎಂದು ಲೆಕ್ಕ ಹಿಡಿದು ಹೇಳುವುದಕ್ಕೆ ಕಾರಣವಿದೆ. ನಮ್ಮೂರಿನ ರೀತಿ ಹೇಗೆಂದರೆ, ಸಂಜೆ ಜಗಲಿಯಲ್ಲಿ ಕೂತವರು ದಾರಿಯಲ್ಲಿ ಹೋಗುವವರಿಗೆಲ್ಲ "ಮೊಂಗ್ಗೊ" ಎನ್ನುತ್ತಾರೆ. ಬನ್ನಿ, ಒಳಗೆ ಬನ್ನಿ, ಕೂತುಕೊಳ್ಳಿ ಎಂದು. ಅದಕ್ಕೆ ನಕ್ಕು ತಲೆಬಾಗಿ ಮುಂದೆ ಹೋಗಬೇಕು. ಕರೆಯುವುದು ಅವರ ಮರ್ಯಾದೆ, ಹೋಗದಿರುವುದು ನಮ್ಮ ಮರ್ಯಾದೆ. ತಿಪಟೂರಿನಿಂದ ಹೊಸದಾಗಿ ಬಂದ ಅಪ್ಪ ಅಮ್ಮನಿಗೆ ಇದು ಯಾರು ಹೇಳಬೇಕು? ಕರೆದರೆ ಹೋಗದಿದ್ದರೆ ಏನು ತಿಳಿದುಕೊಳ್ಳುತ್ತಾರೋ ಎಂದು ಹೆದರಿ, ವಾಕಿಂಗ್ ಹೊರಟ ಮೊದಲನೆಯ ಸಂಜೆಯೇ ಕರೆದ ಮೊದಲ ಮನೆಗೆ ಹೋಗಿ ಕೂತರು. ಆ ಮನೆಯವರು ಗಾಬರಿಯಿಂದ ಹಿತ್ತಲಬಾಗಿಲಿನಲ್ಲಿ ಪಕ್ಕದ ಮನೆಗೆ ಓಡಿ ಬಿಸ್ಕತ್ತು ಸಾಲ ತಂದರು. ಸಕ್ಕರೆ ಸುರಿದ ಚಹಾ ಬಂತು. ಎರಡನೆಯ ಮನೆಯಲ್ಲೂ ಕರೆದರು, ಇವರು ಹೋದರು. ಮೂರನೆಯದು, ನಾಲ್ಕನೆಯದು. ಐದನೆಯ ಚಹಾ ಬು ಸ್ರಿಯ ಮನೆಯಲ್ಲಿ. ಅಷ್ಟು ಹೊತ್ತಿಗೆ ಬಿಸ್ಕತ್ತಿನ ಅದೇ ಡಬ್ಬ ಹಿಂದಿನಿಂದಲೇ ಸಾಗಿಬಂದು ಅಲ್ಲಿಗೂ ತಲುಪಿತ್ತು. ಅಪ್ಪ ಮನೆಗೆ ಬಂದು "ಎಷ್ಟು ಒಳ್ಳೇ ಜನ ಮಾರಾಯ್ತಿ" ಎಂದು ಕಣ್ಣು ಒರೆಸಿಕೊಂಡರಂತೆ. ಒಂದು ತಿಂಗಳಾದ ಮೇಲೆ ಬು ಸ್ರಿ ಅಮ್ಮನಿಗೆ ವಿಷಯ ಬಿಡಿಸಿ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆಫೀಸಿನಲ್ಲಿ ಐರಿಷ್ ಗೆಳತಿಯರು 'ಒಂದಿನ ಮನೆಗೆ ಚಹಾಕ್ಕೆ ಬಾ' ಎಂದಾಗ ನಾನು ನಕ್ಕು ತಲೆಬಾಗಿ ಮುಂದೆ ಹೋಗುತ್ತೇನೆ. ನನ್ನ ಜೊತೆಗೆ ಬಂದ ಬೆಂಗಳೂರಿನವರು ಇನ್ನೂ ತಾರೀಖು ಕೇಳುತ್ತಿದ್ದಾರೆ.

ಅದೇ ಬು ಸ್ರಿ ಎರಡನೆಯ ವಾರ ಬಾಳೆಎಲೆಯಲ್ಲಿ ಸುತ್ತಿದ ಒಂದು ಕಟ್ಟು ಕಳಿಸಿದರು. ಅಮ್ಮ ಬಿಚ್ಚಿ ನೋಡಿದಳು. ಬೇಯಿಸಿದ ಸೋಯಾ ಕಾಳಿನ ಬಿಲ್ಲೆ, ಮೇಲೆಲ್ಲ ಬೆಳ್ಳಗೆ ಹತ್ತಿಯ ಹಾಗೆ ಬೂಷ್ಟು. "ಪಾಪ, ಬೂಷ್ಟು ಹಿಡಿದಿದೆ, ಅವರಿಗೆ ಗೊತ್ತಿಲ್ಲ" ಎಂದು ಕನಿಕರಪಟ್ಟು ತಿಪ್ಪೆಗೆ ಎಸೆದು ಕೈ ತೊಳೆದುಕೊಂಡಳು. ಜಾವಾದ ಜನ ಪ್ರಾಣ ಕೊಡುವ ತೆಂಪೆ ಅದು. ಬೂಷ್ಟೇ ಅದರ ಜೀವ. ಇನ್ನೂ ಮಜಾ ಕೇಳಿ, ಸಾಲಾತಿಗಾದವರು ಅದನ್ನು ಇನ್ನಷ್ಟು ದಿನ ಇಟ್ಟು, ಮೂಗು ಹಿಡಿದುಕೊಳ್ಳುವ ಹಾಗಾದ ಮೇಲೆ ತೆಂಗಿನಹಾಲಿನಲ್ಲಿ ಬೇಯಿಸಿ ಗೊಜ್ಜು ಮಾಡುತ್ತಾರೆ. ಪಕ್ಕದ ಊರಿನವರೇ ಮುಖ ಕಿವುಚುತ್ತಾರೆ. ನಾವು ಎರಡು ಸಲ ಹಾಕಿಸಿಕೊಳ್ಳುತ್ತೇವೆ.

ಅಮ್ಮ ಬೇಗ ಕಲಿತಳು. ತೆಂಪೆ ಕಲಿತಳು. ಮರಗೆಣಸು ಬೇಯಿಸಿ ಬೆಲ್ಲ ಹಾಕಿ ಕುಟ್ಟಿ ಮಾಡುವ ಗೆತುಕ್ ಕಲಿತಳು. ಹುರಿದ ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ತಾಳೆಬೆಲ್ಲ, ಕಚ್ಚೂರದಂಥ ಒಂದು ಗೆಡ್ಡೆ, ನಿಂಬೆ ಜಾತಿಯ ಎಲೆ ಎಲ್ಲ ಅರೆದು, ಬೇಯಿಸಿದ ಸೊಪ್ಪಿನ ಮೇಲೆ ಸುರಿಯುವ ಪೆಚೆಲ್ ಕಲಿತಳು. ಅದರ ಜೊತೆಗೆ ನಮ್ಮ ನಿಪ್ಪಟ್ಟಿನ ತೆಳ್ಳಗಿನ ತಂಗಿಯಂಥ ಒಂದು ಹಪ್ಪಳ. ಬು ಸ್ರಿಯ ಮನೆಯ ಖಾರದ ಚಟ್ನಿಯಂತೂ ಅವಳಿಗೆ ಪ್ರಾಣ. ಎರಡು ವರ್ಷ ಚಪ್ಪರಿಸಿಕೊಂಡು ತಿಂದಳು. ಒಂದು ದಿನ ಬು ಸ್ರಿ ಚಟ್ನಿ ಅರೆಯುವ ಮುಂಚೆ ಒಂದು ಕಪ್ಪು ಉಂಡೆಯನ್ನು ಕೆಂಡದ ಮೇಲೆ ಸುಡುತ್ತಿದ್ದರು. ಹುಣಸೆಹಣ್ಣಾ ಎಂದು ಅಮ್ಮ ಕೇಳಿದಳು. ಅಲ್ಲ, ಸೀಗಡಿ ಕುಟ್ಟಿ ಹುಳಿ ಬರಿಸಿದ್ದು ಎಂದರು ಬು ಸ್ರಿ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಅಮ್ಮ ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು.

ಬು ಸ್ರಿ ಏನೂ ಕೇಳಲಿಲ್ಲ. ನಮಾಜು ಮಾಡುವ ಹೆಂಗಸು, ತಿನ್ನಬಾರದ್ದು ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹತ್ತು ದಿನವಾದ ಮೇಲೆ ಈ ಕಲ್ಲು ಹೊತ್ತುಕೊಂಡು ಬಂದರು. ಹೊಸ ಕಲ್ಲಿನಲ್ಲಿ ಮೊದಮೊದಲು ಮರಳು ಉದುರುತ್ತದೆ, ಅಕ್ಕಿ, ಉಪ್ಪು, ಕಾಯಿ ಹಾಕಿ ದಿನವೂ ಅರೆದು ಅರೆದು ಪಳಗಿಸಬೇಕು. ಆ ಹತ್ತು ದಿನ ಅವರು ಮಾಡಿದ್ದು ಅದನ್ನೇ. "ಇದರ ಮೇಲೆ ಸೀಗಡಿ ಬಿದ್ದಿಲ್ಲ, ಬೀಳುವುದೂ ಇಲ್ಲ. ನಮ್ಮ ಮನೆಯಲ್ಲೇ ಇರಲಿ, ನಿನಗೆ ಬೇರೆ ಚಟ್ನಿ ಇದರಲ್ಲೇ ಅರೆಯುತ್ತೇನೆ" ಎಂದರು. ನಾವು ಊರು ಬಿಡುವವರೆಗೂ ಆ ಕಲ್ಲು ಅವರ ಅಡುಗೆಮನೆಯಲ್ಲಿ ಬೇರೆ ಗೂಡಿನಲ್ಲಿ, ಬೇರೆ ಬಟ್ಟೆ ಮುಚ್ಚಿಕೊಂಡು ಇತ್ತು. ನಮ್ಮಜ್ಜಿಯ ದೇವರಮನೆಗೂ ಅಷ್ಟು ಮಡಿ ಇರಲಿಲ್ಲ. ಹೊರಡುವ ದಿನ ಅದನ್ನು ಅಮ್ಮನ ಕೈಗೆ ಕೊಟ್ಟರು.

ಪ್ರವಾಸಿಗಳಿಗೆ ನಮ್ಮೂರಿನಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳಿದರೆ ಹೇಳುವುದು ಕಷ್ಟ. ಕುದುರೆಗಾಡಿಯಿದೆ, ಶುಂಠಿ ಕಷಾಯದಲ್ಲಿ ಅಕ್ಕಿಯುಂಡೆ ತೇಲಿಸಿಕೊಡುವ ಅಂಗಡಿಯಿದೆ. ಕೇಳುವುದಕ್ಕೆ ಮಾತ್ರ ತುಂಬಾ ಇದೆ. ತಿಂಡಿ ಮಾರುವ ಒಬ್ಬೊಬ್ಬರದ್ದೂ ಒಂದೊಂದು ಸದ್ದು. ಬಟ್ಟಲಿಗೆ ಚಮಚ ಬಡಿದರೆ ಸೂಪಿನ ಗಾಡಿ, ಬಾಣಲೆಗೆ ಬಡಿದರೆ ನೂಡಲ್ಸು. ಸಂಜೆ ಕತ್ತಲಾಗುವ ಹೊತ್ತಿಗೆ ಸಣ್ಣಗೆ ಶಿಳ್ಳೆ ಕೇಳಿದರೆ ಬಿದಿರಿನ ಕೊಳವೆಯಲ್ಲಿ ಬೇಯುವ, ನಡುವೆ ಬೆಲ್ಲವಿರುವ ಪುಟ್ಟು. ಹಬೆಯೇ ಶಿಳ್ಳೆ ಹೊಡೆಯುತ್ತದೆ. ಸದ್ದು ಕೇಳಿದ ಕೂಡಲೇ ಮನೆಯ ಬಟ್ಟಲು ಹಿಡಿದುಕೊಂಡು ಗೇಟಿಗೆ ಓಡಬೇಕು. ಅಮ್ಮ ಮೊದಲ ಸಲ ಟಾಲಾಕ್ಕೆ ಬಂದಾಗ ನಮ್ಮ ಬೀದಿಗೆ ಐಸ್‌ಕ್ರೀಂ ವ್ಯಾನು ಟಿಂಟಿಂ ಎಂದು ರಾಗ ಹಾಕಿಕೊಂಡು ಬಂತು. ನಾನು ಮೇಲಿನಿಂದ ಇಳಿದು ಬರುವಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು, ಸ್ಟೀಲಿನ ಬಟ್ಟಲು ಹಿಡಿದು ಗೇಟಿನಲ್ಲಿ ನಿಂತಿದ್ದಳು. ವ್ಯಾನಿನವನು ಒಂದು ಕ್ಷಣ ಬಟ್ಟಲು ನೋಡಿ, ಎರಡು ಕೋನಿನಷ್ಟು ಅದರಲ್ಲೇ ಸುತ್ತಿ ಕೊಟ್ಟ. ತಿಪಟೂರಿನವಳಂತೆ. ಹೇಳಿದರೆ ಬಟ್ಟಲಾದರೂ ನಂಬಬೇಕಲ್ಲ.

ಇನ್ನೊಂದು ಇದೆ, ರಾವಾ ಪೆನಿಂಗ್ ಎಂಬ ಕೆರೆ. ಊರಿನಿಂದ ಸ್ವಲ್ಪ ದೂರ, ಮೇಲೆಲ್ಲ ಜೊಂಡು ತೇಲುತ್ತಿರುತ್ತದೆ. ಅದು ಹುಟ್ಟಿದ ಕಥೆಯನ್ನು ಬು ಸ್ರಿ ಕಡಲೆಕಾಯಿ ಅರೆಯುತ್ತಾ ನನಗೆ ಹೇಳುತ್ತಿದ್ದರು. ಹಿಂದೆ ಅಲ್ಲಿ ಒಂದು ಹಳ್ಳಿಯಿತ್ತಂತೆ. ಹಬ್ಬದೂಟದ ದಿನ ಹಸಿದವನೊಬ್ಬ ಬಂದ. ಯಾವೂರವನೋ ಏನೋ ಎಂದು ಎಲ್ಲರೂ ಅಟ್ಟಿದರು. ಒಬ್ಬ ಮುದುಕಿ ಮಾತ್ರ ಕರೆದು ಅನ್ನ ಹಾಕಿದಳು. ಅವನು ಊರ ನಡುವೆ ಒಂದು ಕಡ್ಡಿ ನೆಟ್ಟು, ಕೀಳಿ ನೋಡೋಣ ಎಂದ. ಯಾರ ಕೈಯಲ್ಲೂ ಆಗಲಿಲ್ಲ. ಕೊನೆಗೆ ಅವನೇ ಕಿತ್ತ, ಆ ತೂತಿನಿಂದ ನೀರು ಉಕ್ಕಿ ಊರೇ ಮುಳುಗಿತು. ಮುದುಕಿ ಭತ್ತ ಕುಟ್ಟುವ ಮರದ ಒರಳಿನಲ್ಲಿ ಕೂತು, ಅನ್ನದ ಸೌಟಿನಿಂದ ಹುಟ್ಟುಹಾಕುತ್ತಾ ದಡ ಸೇರಿದಳು. ಕಥೆ ಮುಗಿದ ಮೇಲೆ ಬು ಸ್ರಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು. ಬಂದವರಿಗೆ ಮೊದಲು ತಿನ್ನುವುದಕ್ಕೆ ಕೊಡು, ಊರು ಆಮೇಲೆ ಕೇಳು.

ಇಂಥ ಊರನ್ನು ಅಮ್ಮ ಯಾಕೆ ಬಾಯಿ ಬಿಟ್ಟು ಹೇಳುವುದಿಲ್ಲ ಎಂದರೆ, ಅದಕ್ಕೂ ಒಂದು ಸೌಟಿನ ಕಥೆಯಿದೆ. ನಾವು ವಾಪಸ್ಸು ಬಂದ ವರ್ಷ ತಿಪಟೂರಿನಲ್ಲಿ ನಮ್ಮ ದೊಡ್ಡತ್ತೆಯ ಮನೆಯ ಗೃಹಪ್ರವೇಶ. ಅಮ್ಮ ಹೊಸ ಸೀರೆ ಉಟ್ಟು, ಪಂಕ್ತಿಗೆ ಸಾರು ಬಡಿಸಲು ಹೊರಟಳು. ದೊಡ್ಡತ್ತೆ ಬಂದು ಅವಳ ಕೈಯಿಂದ ಸೌಟು ತೆಗೆದುಕೊಂಡರು. "ನೀನು ಬಡಿಸೋದು ಬೇಡಮ್ಮ. ಅಲ್ಲಿ ಏನೇನು ತಿಂದಿದೀಯೋ ಏನೋ" ಎಂದರು. ಇಡೀ ಪಂಕ್ತಿ ಕೇಳಿಸಿಕೊಂಡಿತು. ಅಮ್ಮ ನಕ್ಕಳು. ನಕ್ಕು ಪಕ್ಕಕ್ಕೆ ಹೋಗಿ ಕೂತಳು. ಮೈಸೂರಿಗೆ ಬಂದವಳೇ ಬು ಸ್ರಿಯ ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದಳು. ಆವತ್ತಿನಿಂದ ಯಾರು ಕೇಳಿದರೂ ತಿಪಟೂರು. ನನಗೆ ಆಗ ಹದಿನೇಳು. ಆ ಪಂಕ್ತಿಯಲ್ಲಿ ಎಲೆ ಮುಂದೆ ಕೂತಿದ್ದ ನಾನು ಎದ್ದು ಒಂದು ಮಾತು ಆಡಲಿಲ್ಲ. ಪಾಯಸ ಹಾಕಿಸಿಕೊಂಡೆ. ಆ ಪಾಯಸ ಇನ್ನೂ ಗಂಟಲಲ್ಲೇ ಇದೆ.

ಆದ್ದರಿಂದ ಗಿರೀಶನ 'ನೋಡೋಣ'ಕ್ಕೆ ನಾನು ಬಗ್ಗುವ ಪ್ರಶ್ನೆಯೇ ಇರಲಿಲ್ಲ. ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ಸೋಯಾ ಕಾಳು ಬೇಯಿಸಿ, ಆನ್‌ಲೈನಿನಲ್ಲಿ ತರಿಸಿದ ಹೆಪ್ಪು ಬೆರೆಸಿ, ಬಾಳೆಎಲೆಯಲ್ಲಿ ಸುತ್ತಿ ಹಾಟ್ ಪ್ರೆಸ್ಸಿನಲ್ಲಿಟ್ಟೆ. ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇರುವ ಕಪಾಟು ಅದು, ಜನ ಒಗೆದ ಬಟ್ಟೆ ಒಣಗಲು ಇಡುತ್ತಾರೆ. ಜಾವಾದ ಬಿಸಿಲಿಗೆ ಡಬ್ಲಿನ್ನಿನಲ್ಲಿ ಅಷ್ಟು ಹತ್ತಿರದ್ದು ಇನ್ನೊಂದಿಲ್ಲ. ಅದಿತಿ ಶಾಲೆಯ ಸ್ವೆಟರ್ ಮೂಸಿ "ಮೈ ಜಂಪರ್ ಸ್ಮೆಲ್ಸ್ ಲೈಕ್ ಮಶ್ರೂಮ್ಸ್" ಎಂದು ಗೊಣಗಿದಳು. ಅಮ್ಮ ಮಾತ್ರ ನಾನು ಅತ್ತ ಹೋದಾಗಲೆಲ್ಲ ಕಪಾಟಿನ ಬಾಗಿಲು ಒಂದಿಷ್ಟು ತೆಗೆದು, ಎಲೆಯ ಮೇಲೆ ಕೈ ಇಟ್ಟು ಬಿಸಿ ನೋಡುತ್ತಿದ್ದಳು. ಒಂದು ಸಲ ಟವೆಲ್ಲು ಹೊದಿಸಿದ್ದನ್ನೂ ಕಂಡೆ.

ಹಾಲಿಗೆ ಹೋದರೆ ನಮ್ಮ ಟೇಬಲ್ಲಿನ ಹಿಂದೆ ಬೋರ್ಡು ಸಿದ್ಧವಾಗಿತ್ತು. 'ತಿಪಟೂರು'. ಪಕ್ಕದಲ್ಲಿ ತೆಂಗಿನಮರದ ಚಿತ್ರ. ನಾನು ಬೋರ್ಡನ್ನು ಕೆಳಗಿಳಿಸಿ ತಿರುಗಿಸಿದೆ. ಅದಿತಿಯ ಬ್ಯಾಗಿನಿಂದ ದಪ್ಪ ಮಾರ್ಕರ್ ತೆಗೆದುಕೊಂಡು ಹಿಂಬದಿಯ ಬಿಳಿಯ ಮೇಲೆ 'ಸಾಲಾತಿಗಾ' ಎಂದು ಬರೆದೆ. ಅವಸರಕ್ಕೆ ಅಕ್ಷರ ಸೊಟ್ಟಗಾದವು. ಅದಿತಿ ಮೂಲೆಯಲ್ಲಿ ಒಂದು ಬೆಟ್ಟ ಬಿಡಿಸಿದಳು. ನಮ್ಮ ಮನೆಯ ಕಿಟಕಿಯಿಂದ ಕಾಣುವ ಡಬ್ಲಿನ್ ಬೆಟ್ಟ ಅದು, ಮೆರ್ಬಾಬುವನ್ನು ಅವಳು ಯಾವತ್ತು ನೋಡಿದ್ದಾಳೆ. ಇರಲಿ ಎಂದೆ.

ಅಮ್ಮನ ಮುಖ ಇಳಿದುಹೋಯಿತು. "ಯಾಕೇ ಈ ಜಿದ್ದು ನಿಂಗೆ? ನಾಲ್ಕು ಜನ ಬಂದು ಕೇಳಿದ್ರೆ ನಾನೇನು ಹೇಳ್ಲಿ?" ಎಂದವಳು ಕುರ್ಚಿಯನ್ನು ಬೋರ್ಡಿಗೆ ಬೆನ್ನು ಹಾಕಿ ಎಳೆದುಕೊಂಡು ಕೂತಳು. ಕೈ ಮಡಿಲಲ್ಲಿ ಇಟ್ಟುಕೊಂಡಳು. ನನಗೆ ಆ ಕ್ಷಣ ನಿಜವಾಗಿ ಹೆದರಿಕೆಯಾಯಿತು. ನನ್ನ ಹಟಕ್ಕೆ ಅವಳನ್ನು ಮತ್ತೊಂದು ಪಂಕ್ತಿಯಲ್ಲಿ ತಂದು ಕೂರಿಸಿದೆನೇನೋ ಎನ್ನಿಸಿತು. ಆದರೂ ಬೋರ್ಡು ತಿರುಗಿಸಲಿಲ್ಲ.

ಅರ್ಧ ಗಂಟೆ ನಮ್ಮ ಟೇಬಲ್ಲಿಗೆ ಯಾರೂ ಬರಲಿಲ್ಲ. ದಾವಣಗೆರೆಯ ಬೆಣ್ಣೆದೋಸೆಗೆ ಬಾಗಿಲಿನವರೆಗೆ ಕ್ಯೂ. ಮಂಗಳೂರಿನ ಬನ್ಸ್ ಎರಡನೆಯ ಬುಟ್ಟಿ ಖಾಲಿ. ನಮ್ಮಲ್ಲಿ ಹುರಿದ ತೆಂಪೆ ಆರುತ್ತಿತ್ತು. ಜನ ಬೋರ್ಡು ಓದಿ, ಗೆತುಕ್ ನೋಡಿ, ನಕ್ಕು ತಲೆಬಾಗಿ ಮುಂದೆ ಹೋಗುತ್ತಿದ್ದರು. ಕೊನೆಗೆ ಅಮ್ಮನ ವಯಸ್ಸಿನವರೊಬ್ಬರು ಬಂದರು. ಶಾರದಮ್ಮ ಅಂತ, ಹಾಸನದ ಕಡೆಯವರು, ಮಗನ ಮನೆಗೆ ಬಂದಿದ್ದಾರೆ. ಜನರಿಗೆ ತೋರಿಸಲೆಂದು ನಾನು ಹುರಿಯದೆ ಎಲೆ ಬಿಚ್ಚಿಟ್ಟಿದ್ದ ಒಂದು ತೆಂಪೆಯನ್ನು ಬಗ್ಗಿ ನೋಡಿದರು.

"ಅಯ್ಯೋ ಪಾಪ, ಬೂಷ್ಟು ಹಿಡಿದ್ಬಿಟ್ಟಿದೆ ಕಣಮ್ಮ ಇದಕ್ಕೆ" ಎಂದರು. "ಮಕ್ಕಳು ಮರಿ ತಿಂದಾರು. ತಡಿ, ಬಿಸಾಕ್ತೀನಿ." ಎಲೆಸಮೇತ ಎತ್ತಿಕೊಂಡು ಮೂಲೆಯ ಕಸದ ಬುಟ್ಟಿಯ ಕಡೆ ಹೊರಟೇಬಿಟ್ಟರು.

"ಇಡಿ ಅದನ್ನ ಕೆಳ್ಗೆ."

ಅಮ್ಮ ಎದ್ದು ನಿಂತಿದ್ದಳು. ಶಾರದಮ್ಮ ತಬ್ಬಿಬ್ಬಾಗಿ ವಾಪಸ್ಸು ತಂದಿಟ್ಟರು.

"ಬೂಷ್ಟೇ ಅದು" ಎಂದಳು ಅಮ್ಮ. "ಬೇಕೂ ಅಂತ ಹಿಡಿಸಿರೋದು. ಎರಡು ದಿನ ಬಾಣಂತಿ ಮಗು ಥರ ಬೆಚ್ಚಗೆ ಹೊದಿಸಿಟ್ಟು ಹಿಡಿಸಿರೋದು. ನಾನೂ ಮೊದಲ್ನೇ ಸಲ ನಿಮ್ಮ ಹಾಗೇ ಎಸೆದೆ. ಇವತ್ತಿಗೂ ನಾಚಿಕೆ ಆಗುತ್ತೆ ನಂಗೆ. ನಮ್ಮೂರಲ್ಲಿ ಇದಿಲ್ದೆ ಊಟ ಇಲ್ಲ."

ನಮ್ಮೂರಲ್ಲಿ. ಇಪ್ಪತ್ತೊಂಬತ್ತು ವರ್ಷದಿಂದ ಆ ಬಾಯಿಂದ ಆ ಮಾತು ಕೇಳಲು ಕಾದಿದ್ದೆ. ಕೇಳಿದಾಗ ನಾನು ಸುಮ್ಮನೆ ಪೇಪರ್ ತಟ್ಟೆಗಳನ್ನು ಎಣಿಸುತ್ತಾ ನಿಂತೆ, ಅಳು ಬರಬಾರದಲ್ಲ.

ಅಮ್ಮ ಸೆರಗು ಸಿಕ್ಕಿಸಿಕೊಂಡು, ಜನರಿಗೆ ತೋರಿಸಲೆಂದು ನಾನು ಸಾಮಾನಿನ ಸಮೇತ ತಂದಿಟ್ಟಿದ್ದ ಬು ಸ್ರಿಯ ಕಲ್ಲನ್ನು ತನ್ನ ಕಡೆ ಎಳೆದುಕೊಂಡಳು. ನಾನು ಮಿಕ್ಸಿಯಲ್ಲಿ ಅರೆದು ತಂದಿದ್ದ ಪೆಚೆಲ್ ಗೊಜ್ಜನ್ನು ಪಕ್ಕಕ್ಕೆ ತಳ್ಳಿ "ಇದು ಯಾರಿಗೆ ಬೇಕು" ಎಂದಳು. ಕಡಲೆಕಾಯಿ, ಮೆಣಸಿನಕಾಯಿ, ಬೆಲ್ಲ ಸುರಿದುಕೊಂಡು ಮುಂದಕ್ಕೆ ತಳ್ಳಿ, ಮಣಿಕಟ್ಟು ತಿರುಗಿಸಿ, ಹಿಂದಕ್ಕೆ ಎಳೆದಳು. ಕೈ ಒಂದಿಷ್ಟೂ ಮರೆತಿರಲಿಲ್ಲ. ಕಲ್ಲಿನ ಸದ್ದು ಎದ್ದಿತು, ಅದರ ಹಿಂದೆಯೇ ವಾಸನೆ. ಬೆಣ್ಣೆದೋಸೆಯ ಕ್ಯೂ ನಮ್ಮ ಕಡೆ ತಲೆ ತಿರುಗಿಸಿತು. ಮೊದಲು ತಿಂದವರು ಶಾರದಮ್ಮನೇ. "ಇದು ನಮ್ಮ ಹುಚ್ಚೆಳ್ಳು ಚಟ್ನಿಗಿಂತ ಚೆನ್ನಾಗೈತಲ್ರೀ" ಎಂದು ಎರಡನೆಯ ಸಲ ತಟ್ಟೆ ಚಾಚಿದರು.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಗಿರೀಶ್ ಬಂದ. ಬೋರ್ಡು ನೋಡಿದ, ನನ್ನನ್ನು ನೋಡಿದ.

"ಅಕ್ಕ, ಏನಕ್ಕ ಇದು. ಬೋರ್ಡ್ ತಿರುಗಿಸ್ಬಿಟ್ಟಿದೀರಲ್ಲ."

ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಅರೆಯುವುದನ್ನು ನಿಲ್ಲಿಸಿದಳು.

"ತಿರುಗಿಸಿದ್ದು ನಾನು" ಎಂದಳು. ಎಪ್ಪತ್ತು ವರ್ಷದಲ್ಲಿ ಅಮ್ಮ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲಿರಬೇಕು. "ಬಾಪ್ಪಾ, ಕೂತ್ಕೋ."

"ಅದಲ್ಲ ಆಂಟಿ, ನಿಮ್ಮೂರು ತಿಪಟೂರು ಅಂತ..."

"ಮೊದ್ಲು ತಿನ್ನು" ಎಂದಳು ಅಮ್ಮ, ಒಂದು ತಟ್ಟೆ ಸೊಪ್ಪಿನ ಮೇಲೆ ಸೌಟು ತುಂಬ ಗೊಜ್ಜು ಸುರಿದು ಅವನ ಕೈಗಿಡುತ್ತಾ. "ಊರು ಆಮೇಲೆ ಕೇಳು."

ಗಿರೀಶ್ ಕೂತು ತಿಂದ. ಕಣ್ಣಲ್ಲಿ ನೀರು ಬಂತು, ಖಾರಕ್ಕೆ. ಇನ್ನೊಂದಿಷ್ಟು ಹಾಕಿಸಿಕೊಂಡ. ಅಮ್ಮ ಪಕ್ಕದಲ್ಲೇ ನಿಂತು ತಾನೇ ಬಡಿಸಿದಳು, ಅವಳ ಕೈಯಿಂದ ಸೌಟು ಯಾರೂ ತೆಗೆದುಕೊಳ್ಳಲಿಲ್ಲ. ತಟ್ಟೆ ಖಾಲಿಯಾದ ಮೇಲೆ ಅವನು ಬಾಯಿ ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದ:

"ಈಗ ಕೇಳ್ಬಹುದಾ ಆಂಟಿ? ನಿಮ್ಮದು ಯಾವೂರು?"

ಅಮ್ಮ ತಿರುಗಿ ಬೋರ್ಡಿನ ಕಡೆ ಮುಖ ಮಾಡಿದಳು. ನಾಲ್ಕು ಬೆರಳು ಮಡಚಿ, ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ಸೊಂಟ ಸ್ವಲ್ಪ ಬಗ್ಗಿಸಿ, ಗೊಜ್ಜು ಮೆತ್ತಿದ ಹೆಬ್ಬೆರಳನ್ನು ನನ್ನ ಸೊಟ್ಟ ಅಕ್ಷರಗಳ ಕಡೆ ಚಾಚಿದಳು.